ಸಾಯದ ಅಕ್ವೇರಿಯಂ ಗಿಡ ಯಾವುದು? ತಂದ ಮೂರೂ ಮೂರೇ ವಾರದಲ್ಲಿ ಕೊಳೆತು ಹೋದವು

ನೀವು ಬರೆದದ್ದು ಇಷ್ಟು: ಎರಡು ಅಡಿಯ ಟ್ಯಾಂಕ್. ಆರು ತಿಂಗಳಿಂದ ಗಪ್ಪಿಗಳು ಆರಾಮಾಗಿವೆ. ಟ್ಯಾಂಕಿನ ಜೊತೆಗೇ ಬಂದ ಸಾಧಾರಣ ಎಲ್‌ಇಡಿ ಲೈಟು. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಗಿಲಿಂಡರ್ ಏನೂ ಇಲ್ಲ. ಪ್ಲಾಸ್ಟಿಕ್ ಗಿಡ ತೆಗೆದು ನಿಜವಾದ ಗಿಡ ಹಾಕೋಣ ಅಂತ ಮೂರು ತಂದಿರಿ: ಒಂದು ಅನುಬಿಯಾಸ್, ಒಂದು ಕಂದು ಎಲೆಯ ಕ್ರಿಪ್ಟ್, ಇನ್ನೊಂದು ಹೆಸರು ಗೊತ್ತಿಲ್ಲದ, ಎಲೆಗೆ ಬಿಳಿ ಅಂಚಿರುವ ಹುಲ್ಲಿನಂಥದ್ದು. ಮೂರನ್ನೂ ಮರಳಲ್ಲಿ ಭದ್ರವಾಗಿ ನೆಟ್ಟಿರಿ. ಮೂರೂ ಕೊಳೆತವು. ‘ನನ್ನಂಥವನ ಕೈಯಲ್ಲೂ ಸಾಯದ ಗಿಡ ಯಾವುದಾದರೂ ಇದೆಯಾ?’ ಅಂತ ಕೇಳಿದ್ದೀರಿ.

ತಮಾಷೆ ಏನಂದರೆ, ನೀವು ತಂದ ಮೂರರಲ್ಲಿ ಎರಡು ಆ ಸಾಯದ ಗಿಡಗಳೇ. ಆಯ್ಕೆ ತಪ್ಪಿರಲಿಲ್ಲ. ಒಂದನ್ನು ನೆಟ್ಟ ರೀತಿ ತಪ್ಪಿತ್ತು, ಇನ್ನೊಂದು ಸತ್ತೇ ಹೋಯಿತು ಅಂದುಕೊಂಡದ್ದು ತಪ್ಪಿತ್ತು. ಇದನ್ನು ಇಷ್ಟು ಧೈರ್ಯವಾಗಿ ಹೇಳುತ್ತಿರೋದು ಯಾಕೆಂದರೆ ನಾನೂ ಇದೇ ಎರಡು ಗಿಡಗಳನ್ನು ಇದೇ ರೀತಿ ಕೊಂದವನು.

ಮೊದಲು ಅನುಬಿಯಾಸ್. ಇದರ ಬುಡದಲ್ಲಿ ಬೆರಳು ದಪ್ಪದ, ಅಡ್ಡಡ್ಡ ಬೆಳೆಯುವ ಹಸಿರು ಕಾಂಡ ಇರುತ್ತದೆ. ಶುಂಠಿ ಗೆಡ್ಡೆಯ ತಮ್ಮನ ಹಾಗೆ. ಅದಕ್ಕೆ ರೈಜೋಮ್ ಅನ್ನುತ್ತಾರೆ. ಎಲೆಗಳು ಅದರ ಮೇಲಿಂದ, ಬೇರುಗಳು ಕೆಳಗಿಂದ ಹೊರಡುತ್ತವೆ. ಗಿಡ ಅಂದ ಮೇಲೆ ಮಣ್ಣಲ್ಲಿ ಹೂಳಬೇಕು ಅಂತ ನಾವು ಆ ಕಾಂಡವನ್ನೂ ಸೇರಿಸಿ ಮರಳಲ್ಲಿ ಹೂತುಬಿಡುತ್ತೇವೆ. ಅದು ಒಳಗೇ ಉಸಿರು ಕಟ್ಟಿ ಕೊಳೆಯುತ್ತದೆ. ನನ್ನದು ಹೀಗಾದಾಗ ಎಲೆಗಳು ಇನ್ನೂ ಹಸಿರಾಗಿದ್ದವು, ಒಂದೊಂದಾಗಿ ಬುಡದಿಂದ ಕಳಚಿ ತೇಲುತ್ತಿದ್ದವು ಅಷ್ಟೇ. ಕಿತ್ತು ನೋಡಿದರೆ ಕಾಂಡದ ಅರ್ಧ ಕಪ್ಪಾಗಿತ್ತು. ಒತ್ತಿದರೆ ಬೆರಳು ಒಳಗೆ ಹೋಗುವಷ್ಟು ಮೆತ್ತಗೆ, ಜೊತೆಗೆ ಕೆಟ್ಟ ವಾಸನೆ. ಬ್ಲೇಡಿನಿಂದ ಕಪ್ಪು ಭಾಗವನ್ನು ಕತ್ತರಿಸುತ್ತಾ ಹೋದೆ. ಒಳಗೆ ಗಟ್ಟಿಯಾದ ಹಸಿರು ಕಾಣುವ ತನಕ. ಕೊನೆಗೆ ಉಳಿದದ್ದು ಎರಡು ಎಲೆ ಇರುವ ಒಂದಿಂಚು ತುಂಡು. ಅದನ್ನು ಹೊಲಿಗೆ ದಾರದಿಂದ ಒಂದು ಕಲ್ಲಿಗೆ ಕಟ್ಟಿ ಟ್ಯಾಂಕಿನ ಮೂಲೆಯಲ್ಲಿಟ್ಟೆ. ಒಂದೂವರೆ ತಿಂಗಳಾದ ಮೇಲೆ ಸೂಜಿಯಂತೆ ಸುರುಳಿ ಸುತ್ತಿಕೊಂಡ ಹೊಸ ಎಲೆ ಬಂತು. ಆ ಗಿಡ ಈಗಲೂ ಇದೆ. ಅದರಿಂದ ಕತ್ತರಿಸಿ ನಾಲ್ಕು ಕಡೆ ಕಟ್ಟಿದ್ದೇನೆ.

ಜಾವಾ ಫರ್ನ್ ಅನ್ನುವ ಇನ್ನೊಂದು ಸುಲಭದ ಗಿಡಕ್ಕೂ ಇದೇ ನಿಯಮ. ಎರಡನ್ನೂ ಕಲ್ಲಿಗೋ ಮರದ ತುಂಡಿಗೋ ದಾರದಲ್ಲಿ ಕಟ್ಟಿ ಇಲ್ಲವೇ ಸೂಪರ್ ಗ್ಲೂ ಜೆಲ್‌ನಲ್ಲಿ ಅಂಟಿಸಿ. ಸೈನೋಅಕ್ರಿಲೇಟ್ ಅಂತ ಬರೆದಿರುವ ಗಮ್ ಗಟ್ಟಿಯಾದ ಮೇಲೆ ಮೀನಿಗೆ ತೊಂದರೆ ಮಾಡುವುದಿಲ್ಲ. ಕೆಲವು ತಿಂಗಳಲ್ಲಿ ಬೇರುಗಳೇ ಕಲ್ಲನ್ನು ಹಿಡಿದುಕೊಳ್ಳುತ್ತವೆ. ಆಮೇಲೆ ಟ್ಯಾಂಕ್ ತೊಳೆಯುವಾಗ ಕಲ್ಲಿನ ಸಮೇತ ಎತ್ತಿಡಬಹುದು. ಮರಳು, ಗೊಬ್ಬರ ಯಾವುದರ ಹಂಗೂ ಇಲ್ಲ, ಬೇಕಾದ್ದನ್ನು ನೀರಿನಿಂದಲೇ ಎಳೆದುಕೊಳ್ಳುತ್ತವೆ. ಜಾವಾ ಫರ್ನಿನ ಎಲೆಯ ಹಿಂದೆ ಸಾಲಾಗಿ ಕಂದು ಚುಕ್ಕೆ ಕಂಡರೆ ಗಾಬರಿ ಬೇಡ. ಅದು ರೋಗವಲ್ಲ, ಬೀಜಕ ಕೋಶಗಳು. ಹಳೆಯ ಎಲೆಯ ಮೇಲೇ ಬೇರು ಸಮೇತ ಮರಿ ಗಿಡಗಳೂ ಹುಟ್ಟುತ್ತವೆ. ಅದು ಮೊದಲ ಸಲ ಕಂಡ ದಿನ ಮನೆಯವರನ್ನೆಲ್ಲ ಕರೆದು ತೋರಿಸಿದ್ದೆ. ಯಾರಿಗೂ ಅಷ್ಟೇನೂ ಅನ್ನಿಸಲಿಲ್ಲ!

ಈಗ ಕ್ರಿಪ್ಟ್. ಪೂರ್ತಿ ಹೆಸರು ಕ್ರಿಪ್ಟೊಕೊರಿನೆ. ನೀವು ತಂದದ್ದು ಬಹುಶಃ ವೆಂಟೈ ಅನ್ನುವ ಜಾತಿ, ಶ್ರೀಲಂಕಾದ ಮೂಲದ್ದು. ಕಂದು ಎಲೆಯ ಗಿಡಗಳಲ್ಲಿ ಎಲ್ಲ ಕಡೆ ಸಿಗುವುದು ಅದೇ. ನಿಮ್ಮ ಟ್ಯಾಂಕಿನಲ್ಲಿ ಆದದ್ದಕ್ಕೆ ಈ ಹವ್ಯಾಸದವರು ಒಂದು ಹೆಸರನ್ನೇ ಇಟ್ಟಿದ್ದಾರೆ: ಕ್ರಿಪ್ಟ್ ಮೆಲ್ಟ್. ಜಾಗ ಬದಲಾದರೆ, ನೀರು ಬದಲಾದರೆ, ಬೆಳಕು ಏಕಾಏಕಿ ಜಾಸ್ತಿಯಾದರೆ ಈ ಗಿಡ ಎಲೆಗಳನ್ನೆಲ್ಲ ಕಳೆದುಕೊಂಡುಬಿಡುತ್ತದೆ. ಎಲೆ ಮೊದಲು ಗಾಜಿನ ಹಾಗೆ ಪಾರದರ್ಶಕವಾಗುತ್ತದೆ, ಆಮೇಲೆ ಬೆಂದ ಸೊಪ್ಪಿನ ಹಾಗೆ ಜೋತು ಬಿದ್ದು ಕರಗುತ್ತದೆ. ನೋಡಿದವರು ಸತ್ತೇ ಹೋಯಿತು ಅಂದುಕೊಳ್ಳುತ್ತಾರೆ. ನಾನು ಮೊದಲನೆಯದನ್ನು ಐದನೇ ದಿನವೇ ಕಿತ್ತು ಎಸೆದೆ. ಎರಡನೆಯದು ಉಳಿದದ್ದು ನನ್ನ ಜಾಣತನದಿಂದಲ್ಲ. ಅದು ಕರಗಲು ಶುರುವಾದ ವಾರವೇ ಕೆಲಸದ ಮೇಲೆ ಊರು ಬಿಡಬೇಕಾಯಿತು. ಮೂರು ವಾರ ಬಿಟ್ಟು ಬಂದು ನೋಡಿದರೆ, ಬೋಳು ಮರಳಿನ ಮಧ್ಯೆ ಕಿರುಬೆರಳ ಉಗುರಿನಷ್ಟು ಒಂದು ಕೆಂಗಂದು ಎಲೆ ನೆಟ್ಟಗೆ ನಿಂತಿತ್ತು. ಕೆಳಗೆ ಬೇರು ಜೀವಂತವಾಗಿಯೇ ಇತ್ತು.

ಕ್ರಿಪ್ಟಿಗೆ ಮರಳು ಬೇಕು, ಅನುಬಿಯಾಸಿನ ಹಾಗಲ್ಲ. ಒಂದೆರಡು ಮಿಲಿಮೀಟರ್ ಕಾಳಿನ ಮರಳು, ಎರಡಿಂಚು ದಪ್ಪ ಇದ್ದರೆ ಸಾಕು. ಬೇರಿನಿಂದ ಉಣ್ಣುವ ಗಿಡವಾದ್ದರಿಂದ ಎರಡು ಮೂರು ತಿಂಗಳಿಗೊಮ್ಮೆ ಬುಡದ ಹತ್ತಿರ ಒಂದು ರೂಟ್ ಟ್ಯಾಬ್, ಅಂದರೆ ಗೊಬ್ಬರದ ಮಾತ್ರೆ, ಚುಚ್ಚಿಬಿಡಿ. ಒಮ್ಮೆ ನೆಟ್ಟ ಮೇಲೆ ಜಾಗ ಬದಲಾಯಿಸಬೇಡಿ. ನೆಟ್ಟ ಗಿಡ ಬೇರು ಬಿಟ್ಟಿದೆಯಾ ಅಂತ ದಿನಾ ಕಿತ್ತು ನೋಡುವವರ ಟ್ಯಾಂಕಿನಲ್ಲಿ ಕ್ರಿಪ್ಟ್ ಬದುಕುವುದಿಲ್ಲ.

ಮೂರನೆಯದು, ಆ ಬಿಳಿ ಅಂಚಿನ ಹುಲ್ಲು. ಅದರಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ವರ್ಣನೆ ನೋಡಿದರೆ ಮಾಂಡೋ ಗ್ರಾಸ್ ಅಥವಾ ಸ್ಪೈಡರ್ ಪ್ಲಾಂಟ್ ಇರಬೇಕು ಅನ್ನಿಸುತ್ತದೆ. ಎರಡೂ ನೆಲದ ಗಿಡಗಳು. ನೀರೊಳಗೆ ಮುಳುಗಿಸಿದರೆ ಕೆಲವು ವಾರ ಚೆನ್ನಾಗೇ ಕಾಣುತ್ತವೆ, ಆಮೇಲೆ ನಿಧಾನವಾಗಿ ಕೊಳೆಯುತ್ತವೆ. ಲಕ್ಕಿ ಬ್ಯಾಂಬೂ ಕಥೆಯೂ ಅದೇ. ಅದರ ಎಲೆ ನೀರಿನ ಮೇಲಿದ್ದರೆ ಮಾತ್ರ ಬದುಕುತ್ತದೆ. ಅಕ್ವೇರಿಯಂ ಗಿಡ ಅಂತ ಇವನ್ನು ಮಾರುವವರು ಬೇಕಾದಷ್ಟು ಜನ ಇದ್ದಾರೆ. ಮುಟ್ಟಿ ನೋಡಿ ಕಂಡುಹಿಡಿಯುವುದು ಕಷ್ಟ, ಯಾಕೆಂದರೆ ಅನುಬಿಯಾಸಿನ ಎಲೆಯೂ ಗಡಸೇ. ಹೆಸರು ಕೇಳಿ. ಹೆಸರು ಹೇಳಲು ತಡವರಿಸಿದರೆ ಬಿಟ್ಟು ಬನ್ನಿ.

ಇಲ್ಲಿ ಇನ್ನೊಂದು ವಿಷಯ ಗೊತ್ತಿರಬೇಕು, ಇಲ್ಲದಿದ್ದರೆ ಮುಂದಿನ ಸಲವೂ ಗಾಬರಿಯಾಗುತ್ತೀರಿ. ನಿಜವಾದ ನೀರಿನ ಗಿಡಗಳನ್ನೂ ನರ್ಸರಿಗಳಲ್ಲಿ ಹೆಚ್ಚಾಗಿ ನೀರೊಳಗೆ ಬೆಳೆಸುವುದಿಲ್ಲ. ಬುಡ ಒದ್ದೆ, ಎಲೆ ಗಾಳಿಯಲ್ಲಿ, ಹಾಗೆ ಬೆಳೆಸುತ್ತಾರೆ. ಗಾಳಿಯಿಂದ ಕಾರ್ಬನ್ ಡೈಆಕ್ಸೈಡ್ ಸಲೀಸಾಗಿ ಸಿಗುತ್ತದೆ, ಬೇಗ ಬೆಳೆಯುತ್ತವೆ, ಎಲೆಗೆ ಪಾಚಿ ಹತ್ತುವುದಿಲ್ಲ. ಅಂಥ ಗಿಡವನ್ನು ನೀವು ತಂದು ಮುಳುಗಿಸಿದಾಗ ಗಾಳಿಗೆಂದು ಮಾಡಿದ ಎಲೆಗಳು ಕೆಲಸಕ್ಕೆ ಬರುವುದಿಲ್ಲ. ಅವು ಹಳದಿಯಾಗಿ ಹೋಗುತ್ತವೆ. ಗಿಡ ನೀರಿಗೆ ತಕ್ಕ ಹೊಸ, ತೆಳು ಎಲೆಗಳನ್ನು ಮಾಡಿಕೊಳ್ಳುತ್ತದೆ. ಹಾಗಾಗಿ ಮೊದಲ ತಿಂಗಳು ಹಳೆಯ ಎಲೆಗಳನ್ನು ನೋಡಲೇಬೇಡಿ. ಸುಳಿಯನ್ನು ಮಾತ್ರ ನೋಡಿ. ಅಲ್ಲಿ ಹೊಸದು ಬರುತ್ತಿದ್ದರೆ ಗಿಡ ಆರಾಮಾಗಿದೆ. ಕೊಳೆತ ಎಲೆಗಳನ್ನು ಮಾತ್ರ ಕತ್ತರಿಸಿ ಹೊರಗೆ ಹಾಕಿ, ಒಳಗೇ ಬಿಟ್ಟರೆ ನೀರಿನಲ್ಲಿ ಮೀನಿಗೆ ವಿಷವಾದ ಅಮೋನಿಯಾ ಏರುತ್ತದೆ.

ಸರಿ, ಹೊಸದಾಗಿ ಏನು ತರಬೇಕು? ನಾನು ನಿಮ್ಮ ಜಾಗದಲ್ಲಿದ್ದರೆ ಮೊದಲು ಒಂದು ಹಿಡಿ ಹಾರ್ನ್‌ವರ್ಟ್ ತರುತ್ತೇನೆ. ಅದಕ್ಕೆ ನಿಜವಾದ ಬೇರೇ ಇಲ್ಲ. ನೆಡುವ ತಲೆನೋವೂ ಇಲ್ಲ, ಸುಮ್ನೆ ತೇಲಲು ಬಿಟ್ಟರೆ ಆಯಿತು. ಬೇಗ ಬೆಳೆಯುತ್ತದೆ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಹೀರಿಕೊಳ್ಳುತ್ತದೆ. ಪಾಚಿಗೆ ಸಿಗಬೇಕಾದ ಊಟವನ್ನು ಇದೇ ತಿಂದುಬಿಡುತ್ತದೆ. ಗಪ್ಪಿ ಮರಿಗಳು ಅದರೊಳಗೆ ಬಚ್ಚಿಟ್ಟುಕೊಂಡು ಬದುಕುತ್ತವೆ. ಒಂದೇ ಕಿರಿಕಿರಿ: ಹೊಸ ಜಾಗಕ್ಕೆ ಬಂದಾಗ ಸೂಜಿ ಎಲೆಗಳನ್ನು ಉದುರಿಸಿ ಫಿಲ್ಟರ್ ಕಟ್ಟಿಸುತ್ತದೆ. ಎರಡು ವಾರ ಸಹಿಸಿಕೊಳ್ಳಿ.

ಹೊಸಬರು ನಿಧಾನ ಬೆಳೆಯುವ ಚಂದದ ಗಿಡ ಒಂದೆರಡನ್ನೇ ತಂದು, ಖಾಲಿ ಟ್ಯಾಂಕಿಗೆ ಜೋರು ಲೈಟು ಹಾಕಿ, ಆಮೇಲೆ ಪಾಚಿ ಬಂತು ಅಂತ ಅಳುವುದನ್ನು ಬಹಳ ನೋಡಿದ್ದೇನೆ. ಬೆಳಕೂ ಇದೆ, ಗೊಬ್ಬರವೂ ಇದೆ, ಉಣ್ಣುವ ಗಿಡ ಇಲ್ಲ. ಪಾಚಿ ಬರದೆ ಇನ್ನೇನು ಬರಬೇಕು? ಹಾರ್ನ್‌ವರ್ಟ್ ನಿಮಗೆ ಕಣ್ಣಿಗೆ ಹಿಡಿಸದಿದ್ದರೆ ವಾಟರ್ ಸ್ಪ್ರೈಟ್ ತನ್ನಿ, ಅದನ್ನೂ ತೇಲಿಬಿಡಬಹುದು. ಉಳಿದ ಗಿಡಗಳು ನೆಲೆ ನಿಂತ ಮೇಲೆ ಬೇಡವೆನಿಸಿದರೆ ತೆಗೆದುಬಿಡಿ.

ಹಿಂಭಾಗಕ್ಕೆ ವ್ಯಾಲಿಸ್ನೇರಿಯಾ. ರಿಬ್ಬನ್ನಿನಂಥ ಎಲೆ, ಗರಿಕೆಯ ಹಾಗೆ ಮರಳಿನ ಕೆಳಗೆ ಬಳ್ಳಿ ಬಿಟ್ಟು ಹಬ್ಬುತ್ತದೆ. ಎಲೆ ಮತ್ತು ಬೇರು ಸೇರುವ ಬಿಳಿ ಜಾಗ ಮರಳಿನ ಮೇಲಿರಬೇಕು, ಅದನ್ನು ಹೂಳಬೇಡಿ. ಒಂದು ಎಚ್ಚರಿಕೆ: ಲಿಕ್ವಿಡ್ ಕಾರ್ಬನ್ ಅಂತ ಮಾರುವ ದ್ರವದಲ್ಲಿ ಹೆಚ್ಚಾಗಿ ಇರುವುದು ಗ್ಲುಟರಾಲ್ಡಿಹೈಡ್. ವ್ಯಾಲಿಸ್ನೇರಿಯಾಗೆ ಅದು ಸರಿಹೋಗುವುದಿಲ್ಲ, ಕರಗಿಹೋಗಬಹುದು. ನಿಮ್ಮ ಗಿಡಗಳಿಗೆ ಅದರ ಅಗತ್ಯವೂ ಇಲ್ಲ.

ಜಾವಾ ಮಾಸ್ ಬೇಕಾದರೆ ಒಂದು ಚಿಟಿಕೆ ಮರಕ್ಕೆ ಕಟ್ಟಿ, ಅದು ಎಲ್ಲಿಟ್ಟರೂ ಬದುಕುತ್ತದೆ. ಅಮೆಜಾನ್ ಸ್ವೋರ್ಡ್ ಬೇಡ. ಗಿಡ ಸುಲಭವೇ, ಆದರೆ ಎರಡು ಅಡಿ ಟ್ಯಾಂಕಿನಲ್ಲಿ ಅದು ದೊಡ್ಡದಾದ ಮೇಲೆ ಮೀನಿಗೆ ಜಾಗ ಹುಡುಕಬೇಕಾಗುತ್ತದೆ. ಡಕ್‌ವೀಡ್ ಅಂತೂ ಬೇಡವೇ ಬೇಡ. ಮೆಂತ್ಯ ಕಾಳಿನಷ್ಟು ಎಲೆ, ಎರಡು ಮೂರು ದಿನಕ್ಕೆ ದುಪ್ಪಟ್ಟಾಗುತ್ತದೆ. ನಾನು ಒಂದೂವರೆ ವರ್ಷದಿಂದ ತೆಗೆಯುತ್ತಲೇ ಇದ್ದೇನೆ, ನಿನ್ನೆಯೂ ಮೊಣಕೈಗೆ ಅಂಟಿಕೊಂಡು ಎರಡು ಎಲೆ ಸೋಫಾ ತನಕ ಬಂದಿದ್ದವು.

ತಂದ ತಕ್ಷಣ ಕುಂಡದೊಳಗಿನ ಹತ್ತಿಯಂಥ ರಾಕ್‌ವೂಲ್ ಪೂರ್ತಿ ಬಿಡಿಸಿ, ಗಿಡಗಳ ಕಟ್ಟಿನ ಸುತ್ತ ಇರುವ ಲೋಹದ ಪಟ್ಟಿ ತೆಗೆದು, ಹರಿಯುವ ನೀರಿನಲ್ಲಿ ತೊಳೆಯಿರಿ. ಆದರೂ ಪುಟ್ಟ ಬಸವನ ಹುಳುಗಳು ಬಂದೇ ಬರುತ್ತವೆ, ಎಲೆಯ ಹಿಂದಿನ ಜೆಲ್ಲಿಯಂಥ ಚುಕ್ಕೆ ಅವುಗಳ ಮೊಟ್ಟೆ. ಅವು ಗಿಡಕ್ಕೆ ಶತ್ರುವಲ್ಲ, ಹೆಚ್ಚಾಗಿ ಕೊಳೆತದ್ದನ್ನೇ ತಿನ್ನುತ್ತವೆ. ಲೆಕ್ಕ ತಪ್ಪಿ ಹೆಚ್ಚಾದರೆ ನೀವು ಮೀನಿಗೆ ಊಟ ಜಾಸ್ತಿ ಹಾಕುತ್ತಿದ್ದೀರಿ ಅಂತ ಅರ್ಥ.

ಲೈಟು ದಿನಕ್ಕೆ 6 ರಿಂದ 7 ಗಂಟೆ, ಟೈಮರ್ ಹಾಕಿ. ಗಿಡ ಸೊರಗಿದೆ ಅಂತ 12 ಗಂಟೆ ಉರಿಸಿದರೆ ಬೆಳೆಯುವುದು ಪಾಚಿಯೇ. ಅನುಬಿಯಾಸನ್ನು ಲೈಟಿನ ನೇರ ಕೆಳಗೆ ಇಡಬೇಡಿ, ಅದರ ಎಲೆ ವರ್ಷಗಟ್ಟಲೆ ಇರುವುದರಿಂದ ಪಾಚಿ ಅಲ್ಲೇ ಮನೆ ಕಟ್ಟುತ್ತದೆ. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಾಯಿಸಿ, ಅದನ್ನು ನೀವು ಈಗಾಗಲೇ ಮಾಡುತ್ತಿದ್ದೀರಿ ಅಲ್ವಾ? ಜಾವಾ ಫರ್ನಿನ ಹಳೆಯ ಎಲೆಯಲ್ಲಿ ಸೂಜಿ ಚುಚ್ಚಿದಂಥ ತೂತು ಬಂದರೆ ಪೊಟ್ಯಾಸಿಯಂ ಕಮ್ಮಿ ಇರಬಹುದು, ಆಗ ದ್ರವ ಗೊಬ್ಬರದ ಯೋಚನೆ ಮಾಡಿ. ಈಗಲೇ ಬೇಡ. ಗಪ್ಪಿಗಳು ಗಿಡ ಹಾಳು ಮಾಡುವುದಿಲ್ಲ. ಮುಂದೆ ಗೋಲ್ಡ್‌ಫಿಷ್ ತರುವ ಆಸೆಯಿದ್ದರೆ ಮಾತ್ರ ಹೇಳಿ, ಆಗ ಈ ಉತ್ತರ ಪೂರ್ತಿ ಬದಲಾಗುತ್ತದೆ.

ಕತ್ತರಿಸಿ ತೆಗೆದ ಹೆಚ್ಚುವರಿ ಗಿಡಗಳನ್ನು ಕೆರೆ, ಹಳ್ಳಕ್ಕೆ ಎಸೆಯಬೇಡಿ. ಬಿಸಿಲಲ್ಲಿ ಒಣಗಿಸಿ ಹೂಕುಂಡಕ್ಕೆ ಹಾಕಿ.

ಕೊನೆಗೆ, ಕೊಳೆತ ಗಿಡಗಳನ್ನು ಇನ್ನೂ ಎಸೆದಿಲ್ಲ ಅಂತ ಬರೆದಿದ್ದೀರಿ. ಒಳ್ಳೆಯದಾಯಿತು. ಕ್ರಿಪ್ಟ್ ಬುಡವನ್ನು ಮುಟ್ಟದೆ ಹಾಗೇ ಬಿಡಿ, ಒಂದು ತಿಂಗಳು. ಅನುಬಿಯಾಸನ್ನು ಇವತ್ತೇ ಕಿತ್ತು ಕಾಂಡ ಒತ್ತಿ ನೋಡಿ. ಎಲ್ಲಾದರೂ ಅರ್ಧ ಇಂಚು ಗಟ್ಟಿ ಹಸಿರು ಸಿಕ್ಕರೆ ಕತ್ತರಿಸಿ ಕಲ್ಲಿಗೆ ಕಟ್ಟಿ. ಎಲೆ ಒಂದೂ ಉಳಿದಿಲ್ಲದಿದ್ದರೂ ಪರವಾಗಿಲ್ಲ. ಆ ಬಿಳಿ ಅಂಚಿನದರ ಸುಳಿಯಲ್ಲಿ ಜೀವ ಇದ್ದರೆ ಮಣ್ಣಿನ ಕುಂಡದಲ್ಲಿ ನೆಟ್ಟು ಕಿಟಕಿಯ ಹತ್ತಿರ ಇಡಿ, ಅಲ್ಲಿ ಚಿಗುರಿದರೂ ಚಿಗುರಬಹುದು.