ಚೆಸ್ ಮೇಲಿನ ಆಸೆ ಹೋಗಿ ಬಂದ ಬಗೆ

"ಕಾಲೇಜು ದಿನಗಳಿಂದ ಚೆಸ್ ಆಡುತ್ತಿದ್ದೇನೆ. ಈಗೀಗ ಆ್ಯಪ್ ತೆರೆಯುವುದೇ ಬೇಡವೆನಿಸುತ್ತದೆ, ಗೆದ್ದರೂ ಖುಷಿಯಿಲ್ಲ. ಹೀಗಾದ ಮೇಲೆ ಮತ್ತೆ ಉತ್ಸಾಹ ಬಂದವರು ಯಾರಾದರೂ ಇದ್ದೀರಾ?" ಎಂದು ಕೇಳಿದ್ದೀರಿ. ಇದ್ದೇನೆ. ಆದರೆ "ಸ್ವಲ್ಪ ದಿನ ಬಿಟ್ಟುಬಿಡಿ, ತಾನಾಗಿ ಬರುತ್ತದೆ" ಎಂದು ಎಲ್ಲರೂ ಹೇಳುತ್ತಾರಲ್ಲ, ಅದರಿಂದ ನನಗೇನೂ ಆಗಲಿಲ್ಲ. ಬಿಟ್ಟೆ, ಬಿಟ್ಟದ್ದು ಬಿಟ್ಟೇಹೋಯಿತು. ಬೋರ್ಡು ಕಪಾಟಿನ ಮೇಲೆ ಧೂಳು ತಿನ್ನುತ್ತಾ ಕೂತಿತ್ತು.

ನಾನು ಪ್ರೌಢಶಾಲೆಯಲ್ಲಿ ಗಣಿತ ಮೇಷ್ಟ್ರು, ಆದ್ದರಿಂದ ಮೊದಲು ಲೆಕ್ಕ. ಆಟಗಾರನ ಬಲವನ್ನು ಅಂಕಿಯಲ್ಲಿ ಅಳೆಯುವ ರೇಟಿಂಗ್ ಪದ್ಧತಿಯನ್ನು ರೂಪಿಸಿದವರು ಅರ್ಪಾದ್ ಎಲೊ, ಅಮೆರಿಕದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆ 1970ರಲ್ಲಿ ಅದನ್ನು ಒಪ್ಪಿಕೊಂಡಿತು. ಆನ್‌ಲೈನ್ ತಾಣಗಳ ಲೆಕ್ಕಾಚಾರ ಒಂದಿಷ್ಟು ಬೇರೆಯಾದರೂ ತಿರುಳು ಅದೇ: ರೇಟಿಂಗ್ ಸಮವಿದ್ದರೆ ಗೆಲ್ಲುವ ಅವಕಾಶ ಇಬ್ಬರಿಗೂ ಅರ್ಧರ್ಧ, 200 ಅಂಕ ಮುಂದಿರುವವನು ನೂರು ಆಟಗಳಲ್ಲಿ ಸುಮಾರು 76 ಪಾಯಿಂಟ್ (ಗೆಲುವಿಗೆ ಒಂದು, ಡ್ರಾಗೆ ಅರ್ಧ) ಗಳಿಸಬೇಕು. ಈಗ ತಾಣ ನಿಮಗೆ ಯಾವಾಗಲೂ ನಿಮ್ಮ ಸರಿಸಮಾನರನ್ನೇ ಹುಡುಕಿ ಕೊಡುತ್ತದೆ. ಪರಿಣಾಮವೇನು? 1200ರಲ್ಲಿದ್ದಾಗ ಅರ್ಧ ಆಟ ಸೋಲುತ್ತೀರಿ. ರಾತ್ರಿಯೆಲ್ಲ ಪಜಲ್ ಬಿಡಿಸಿ, ಓಪನಿಂಗ್ (ಆರಂಭದ ನಡೆಗಳು) ಉರು ಹೊಡೆದು 1700ಕ್ಕೆ ಏರಿದಿರೆನ್ನಿ, ಆಗಲೂ ಅರ್ಧ ಆಟ ಸೋಲುತ್ತೀರಿ. ಕಲಿತದ್ದು ಎಲ್ಲಿ ಹೋಯಿತು? ಪರದೆಯ ಮೂಲೆಯಲ್ಲಿ ಒಂದು ಅಂಕಿಯಾಗಿ ಕೂತಿದೆ, ಅಷ್ಟೆ. ಕೈಗೆ ಸಿಗುವುದು ಮೊದಲಿನಷ್ಟೇ ಸೋಲು. ಮನಸ್ಸು ಕುಗ್ಗುವುದು ಸೋಮಾರಿತನದಿಂದಲ್ಲ, ಈ ಏರ್ಪಾಟು ಇರುವುದೇ ಹಾಗೆ.

ಆ ಅಂಕಿಯ ಮರ್ಯಾದೆಯೇನೆಂದು 2024ರ ಮಾರ್ಚ್‌ನಲ್ಲಿ ಫಿಡೆಯೇ ತೋರಿಸಿಕೊಟ್ಟಿತು. 2000ಕ್ಕಿಂತ ಕೆಳಗಿದ್ದವರ ರೇಟಿಂಗನ್ನು ಒಮ್ಮೆಲೇ ಏರಿಸಿತು: 2000ಕ್ಕೆ ಎಷ್ಟು ಕಡಿಮೆಯಿದೆಯೋ ಅದರ ಶೇ 40ರಷ್ಟು. 1500 ಇದ್ದವನು ರಾತ್ರಿ ಮಲಗಿ ಬೆಳಗ್ಗೆ ಏಳುವಷ್ಟರಲ್ಲಿ 1700! ಕೆಳಹಂತದ ರೇಟಿಂಗ್‌ಗಳು ಕುಸಿಯುತ್ತಿವೆ ಎಂಬುದೇ ಅದಕ್ಕೆ ಕಾರಣ, ತಪ್ಪೇನಿಲ್ಲ. ಆದರೆ ಐದು ಅಂಕ ಕಳೆದುಕೊಂಡೆನೆಂದು ಊಟ ಬಿಟ್ಟವರನ್ನು ನಾನು ಬಲ್ಲೆ.

ಟೂರ್ನಿಗಳ ಕಥೆಯೂ ಬೇರೆಯಲ್ಲ. ನಮ್ಮ ಕಡೆ ಭಾನುವಾರದ ರ‍್ಯಾಪಿಡ್ ಟೂರ್ನಿ (ಬೇಗ ಮುಗಿಯುವ ಆಟಗಳದ್ದು) ಎಂದರೆ ಕಲ್ಯಾಣ ಮಂಟಪ, ಸ್ವಿಸ್ ಪದ್ಧತಿಯ ಸುತ್ತುಗಳು, ಹೊರಗೆ ಟಿಫಿನ್ ಡಬ್ಬಿ ಹಿಡಿದು ನಿಂತ ತಾಯಂದಿರು. ಸ್ವಿಸ್ ಎಂದರೆ ಗೆದ್ದವರಿಗೆ ಗೆದ್ದವರೇ ಎದುರು, ಸೋತವರಿಗೆ ಸೋತವರೇ ಎದುರು, ಕೊನೆಗೆ ಬಹುಪಾಲು ಜನ ಅರ್ಧದ ಆಸುಪಾಸಿನಲ್ಲೇ ನಿಲ್ಲುತ್ತಾರೆ. ಕೊನೆಯ ಸಾಲಿನ ಕಾಯಿ ಎಟುಕದೆ ಕುರ್ಚಿಯ ಮೇಲೆ ಮಂಡಿಯೂರಿ ಆಡುವ ಪುಟಾಣಿಯೊಬ್ಬಳು ನನ್ನ ಆನೆಯನ್ನು ಹೊಡೆದು, ಗಡಿಯಾರ ಒತ್ತಿ, ಪಕ್ಕದ ಮೇಜಿನ ಆಟ ನೋಡಲು ತಿರುಗಿದಳು. ಅವಳು ಸೋಲಿಸಿದ್ದಕ್ಕೆ ನನಗೆ ಬೇಸರವಿಲ್ಲ, ಚೆನ್ನಾಗಿಯೇ ಆಡಿದಳು. ನನ್ನ ಆಟ ನೋಡುವುದಕ್ಕಿಂತ ಪಕ್ಕದವರದ್ದು ನೋಡುವುದು ಅವಳಿಗೆ ಹಿತವಾಗಿತ್ತಲ್ಲ, ನನಗೂ ಹಾಗೆಯೇ ಅನಿಸುತ್ತಿತ್ತು.

ಹಾಗಾಗಿ "ಚೆಸ್ ಬೇಸರವಾಗಿದೆ" ಎನ್ನುವ ಮುನ್ನ ಚೆಸ್‌ನ ಯಾವ ಭಾಗ ಎಂದು ವಿಚಾರಿಸಿಕೊಳ್ಳಿ. ಆಗಿನ ವಿಶ್ವ ಚಾಂಪಿಯನ್ ಮ್ಯಾಗ್ನಸ್ ಕಾರ್ಲ್‌ಸನ್ 2022ರಲ್ಲಿ ವಿಶ್ವ ಚಾಂಪಿಯನ್‌ಷಿಪ್ ಪಂದ್ಯ ಆಡಲು ಹುಮ್ಮಸ್ಸಿಲ್ಲವೆಂದು ಕಿರೀಟವನ್ನೇ ಬಿಟ್ಟುಕೊಟ್ಟರು. ಆಟ ಬಿಟ್ಟರೇ? ಇಲ್ಲ. ರ‍್ಯಾಪಿಡ್, ಅದಕ್ಕಿಂತಲೂ ಬೇಗ ಮುಗಿಯುವ ಬ್ಲಿಟ್ಜ್ ಆಡುತ್ತಲೇ ಇದ್ದರು, ಹಿಂದಿನ ಸಾಲಿನ ಕಾಯಿಗಳನ್ನು ಕಲಸಿ ಇಡುವ ಚೆಸ್ 960ರ ಕಡೆ ವಾಲಿದರು. ಮಾಜಿ ವಿಶ್ವ ಚಾಂಪಿಯನ್ ಬಾಬಿ ಫಿಷರ್ 1996ರಲ್ಲಿ ಘೋಷಿಸಿದ ಆಟ ಅದು. ಆರಂಭದ ಸ್ಥಿತಿಗಳು 960 ಬಗೆ, ಯಾವುದನ್ನೆಂದು ಬಾಯಿಪಾಠ ಮಾಡುವುದು?

ನನಗೆ ಫಿಷರ್ ಬೇಕಾಗಲಿಲ್ಲ, ನಮ್ಮ ಬೀದಿಯ ನಿವೃತ್ತ ಬಸ್ ಕಂಡಕ್ಟರೊಬ್ಬರು ಸಾಕಾದರು. ಅವರ ಮೊಮ್ಮಗ ನನ್ನಲ್ಲಿ ಪಾಠಕ್ಕೆ ಬರುತ್ತಿದ್ದ. ಅವನನ್ನು ಕರೆದೊಯ್ಯಲು ಬಂದ ಯಜಮಾನರು ಕಪಾಟಿನ ಮೇಲಿನ ಬೋರ್ಡು ನೋಡಿ, "ಒಂದಾಟ ಹಾಕೋಣವೇ ಮೇಷ್ಟ್ರೇ?" ಎಂದರು. ಒಲ್ಲೆನೆನ್ನಲು ಸಂಕೋಚವಾಯಿತು. ಅಭ್ಯಾಸಬಲದಿಂದ ರಾಜನ ಮುಂದಿನ ಕಾಲಾಳನ್ನು ಎರಡು ಮನೆ ತಳ್ಳಿದೆ. "ಇದೇನು, ಕಾಲಾಳು ಹಾರುತ್ತದೆಯೇ? ನಡೆಸಿ, ನಡೆಸಿ" ಎಂದು ಅದನ್ನು ಒಂದು ಮನೆ ಹಿಂದಕ್ಕೆ ಇಟ್ಟರು.

ಅವರು ಹಳ್ಳಿಯಲ್ಲಿ ಕಲಿತದ್ದು ನಮ್ಮ ಹಳೆಯ ಚದುರಂಗ. ಕಾಲಾಳಿಗೆ ಮೊದಲ ನಡೆಯಲ್ಲೂ ಒಂದೇ ಮನೆ. ರಾಜನನ್ನೂ ಆನೆಯನ್ನೂ ಒಂದೇ ನಡೆಯಲ್ಲಿ ಸರಿಸುವ ಕ್ಯಾಸ್ಲಿಂಗ್ ಇಲ್ಲ, ಬದಲಿಗೆ ಒಮ್ಮೆಯೂ ಷಾ (ಚೆಕ್) ಬೀಳದ ರಾಜ ಇಡೀ ಆಟದಲ್ಲಿ ಒಂದು ಸಲ ಕುದುರೆಯಂತೆ ಹಾರಬಹುದು. ಕಾಲಾಳು ಕೊನೆಯ ಮನೆ ಮುಟ್ಟಿದರೆ ಇಂದಿನ ಚೆಸ್‌ನಂತೆ ಮಂತ್ರಿಯಾಗುವಂತಿಲ್ಲ, ಆ ಮನೆ ಯಾವ ಕಾಯಿಯದ್ದೋ ಅದೇ ಆಗಬೇಕು. ಒಂದು ಸಂಜೆ ಹರಸಾಹಸ ಮಾಡಿ ಕುದುರೆಯ ಸಾಲಿನಲ್ಲಿ ಕಾಲಾಳನ್ನು ಕೊನೆ ಮುಟ್ಟಿಸಿ ಮಂತ್ರಿಗೆ ಕೈಹಾಕಿದರೆ, "ಮಂತ್ರಿ ಬೇಕಿದ್ದರೆ ಮಂತ್ರಿಯ ದಾರಿಯಲ್ಲೇ ಬರಬೇಕಿತ್ತು. ಕುದುರೆ ತೆಗೆದುಕೊಳ್ಳಿ" ಎಂದು ನಕ್ಕರು. ಅಂದರೆ ಯಾವ ಕಾಲಾಳನ್ನು ಯಾವ ಸಾಲಿಗೆ ದಾಟಿಸಬೇಕು ಎಂಬ ಯೋಚನೆ ಆಟದ ನಡುವಿನಿಂದಲೇ ಶುರುವಾಗಬೇಕು. ನಾನು ವರ್ಷಗಟ್ಟಲೆ ಕೂಡಿಟ್ಟ ಸಿಸಿಲಿಯನ್, ಇಟಾಲಿಯನ್ ಓಪನಿಂಗ್ ಎಲ್ಲವೂ ಅಲ್ಲಿ ದಂಡ. ಮೂರನೆಯ ನಡೆಯಿಂದಲೇ ನಿಜವಾಗಿ ಯೋಚಿಸಬೇಕಾಗಿ ಬಂತು. ಎಷ್ಟೋ ಕಾಲದ ಮೇಲೆ ಟೀ ಆರಿಹೋದದ್ದೇ ತಿಳಿಯಲಿಲ್ಲ.

ಈ ನಿಯಮಗಳನ್ನು ಹಿಂದುಳಿದ ಆಟವೆಂದು ಅಂದುಕೊಳ್ಳಬೇಡಿ. ಪಂಜಾಬಿನ ಮೀರ್ ಸುಲ್ತಾನ್ ಖಾನ್ ಇವುಗಳಲ್ಲೇ ಬೆಳೆದು, ಪಾಶ್ಚಾತ್ಯ ನಿಯಮಗಳನ್ನು ಆಮೇಲೆ ಕಲಿತು, 1929, 1932, 1933ರಲ್ಲಿ ಬ್ರಿಟಿಷ್ ಚಾಂಪಿಯನ್ ಆದವರು. ಮಾಜಿ ವಿಶ್ವ ಚಾಂಪಿಯನ್ ಕಾಪಾಬ್ಲಾಂಕಾ ಅವರನ್ನೂ ಸೋಲಿಸಿದ್ದರು. 2024ರಲ್ಲಿ ಫಿಡೆ ಅವರಿಗೆ ಮರಣೋತ್ತರವಾಗಿ ಗೌರವ ಗ್ರ್ಯಾಂಡ್‌ಮಾಸ್ಟರ್ ಪದವಿ ಕೊಟ್ಟಿತು.

ಯಜಮಾನರ ಜೊತೆಗಿನ ಆಟದಲ್ಲಿ ಇನ್ನೊಂದು ಲಾಭ: ಎದುರಾಳಿ ಬದಲಾಗುವುದಿಲ್ಲ. ಮೊದಮೊದಲು ಸತತ ಸೋತೆ, ಆಮೇಲೆ ಕೆಲವನ್ನು ಎಳೆದಾಡಿ ಡ್ರಾ ಮಾಡಿದೆ, ಈಗ ಗೆದ್ದ ದಿನ ಅವರೇ ಒಳಗೆ ಕೂಗಿ "ಇವತ್ತು ಮೇಷ್ಟ್ರು ಗೆದ್ದರು" ಎಂದು ಮನೆಯವರಿಗೆ ಸಾರುತ್ತಾರೆ. ಕಲಿತದ್ದು ಎಲ್ಲಿ ಹೋಯಿತು ಎಂದು ಹುಡುಕಬೇಕಿಲ್ಲ.

ಒಬ್ಬರೇ ಇರುವಾಗ? ಎದುರಾಳಿಯೇ ಇಲ್ಲದ ಚೆಸ್ ಕೂಡ ಉಂಟು. 1831ರಲ್ಲಿ ಬ್ರಿಟಿಷರು ಆಡಳಿತ ಕಿತ್ತುಕೊಂಡ ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು, ಕುದುರೆಯ ನಡೆಯಲ್ಲೇ ಪ್ರತಿ ಮನೆಯನ್ನೂ ಒಂದೊಂದೇ ಸಲ ಮುಟ್ಟುವ ಬಂಧಗಳನ್ನು ರಚಿಸುತ್ತಿದ್ದರು. ನನ್ನನ್ನು ಹಿಡಿದದ್ದು ಚೆಸ್ ಆಟಗಾರ ರಿಚರ್ಡ್ ರೇಟಿ 1921ರಲ್ಲಿ ಪ್ರಕಟಿಸಿದ ಒಂದು ಸಮಸ್ಯೆ. ಬೋರ್ಡಿನ ಮೇಲೆ ನಾಲ್ಕೇ ಕಾಯಿ (ಬಿಳಿಯ ಕಡೆಯಿಂದ ನೋಡಿದರೆ ಎಡದಿಂದ ಬಲಕ್ಕೆ ಎ ಯಿಂದ ಎಚ್, ಕೆಳಗಿನಿಂದ ಮೇಲಕ್ಕೆ 1ರಿಂದ 8): ಬಿಳಿ ರಾಜ ಎಚ್8, ಬಿಳಿ ಕಾಲಾಳು ಸಿ6, ಕಪ್ಪು ರಾಜ ಎ6, ಕಪ್ಪು ಕಾಲಾಳು ಎಚ್5. ಬಿಳಿಯ ನಡೆ, ಡ್ರಾ ಮಾಡಬೇಕು. ಕಪ್ಪು ಕಾಲಾಳು ಕೊನೆ ಮುಟ್ಟಿ ಮಂತ್ರಿಯಾಗಲು ಓಡುತ್ತಿದೆ, ಬೆನ್ನಟ್ಟಬೇಕಾದ ಬಿಳಿ ರಾಜ ಎರಡು ನಡೆ ಹಿಂದಿದ್ದಾನೆ. ತನ್ನ ಕಾಲಾಳನ್ನು ಕಾಯೋಣವೆಂದರೆ ಅದೂ ದೂರ. ನೇರ ಅಟ್ಟಿದರೆ ಸೋಲು. ಆದರೆ ಜಿ7, ಎಫ್6, ಇ5 ಎಂದು ಓರೆಯಾಗಿ ಇಳಿದು ನೋಡಿ. ಒಂದೊಂದು ಹೆಜ್ಜೆಯೂ ಎರಡೂ ಕಡೆಗೆ ಹತ್ತಿರವಾಗುತ್ತದೆ. ಕಪ್ಪು ರಾಜ ಬಿಳಿ ಕಾಲಾಳನ್ನು ಹೊಡೆಯಲು ಎರಡು ನಡೆ ಖರ್ಚು ಮಾಡಿದರೆ ಬಿಳಿ ರಾಜ ಎಫ್4ಕ್ಕೆ ಬಂದು ಓಟಗಾರನನ್ನು ಹಿಡಿಯುತ್ತಾನೆ. ಹೊಡೆಯದೆ ಕಾಲಾಳನ್ನು ಓಡಿಸುತ್ತಲೇ ಇದ್ದರೆ ಬಿಳಿ ರಾಜ ತನ್ನ ಕಾಲಾಳಿನ ಪಕ್ಕ ಸೇರಿ ಇಬ್ಬರೂ ಮಂತ್ರಿ ಮಾಡಿಕೊಳ್ಳುತ್ತಾರೆ. ಚೌಕದ ಮೇಲೆ ಓರೆ ದಾರಿ ನೇರ ದಾರಿಗಿಂತ ಉದ್ದವಲ್ಲ ಎಂಬುದಷ್ಟೇ ಗುಟ್ಟು. ಇದನ್ನು ತರಗತಿಯಲ್ಲಿ ಹಾಕಿಕೊಟ್ಟಾಗ ಚೆಸ್ ಬಾರದ ಹುಡುಗರೂ ಗಂಟೆ ಹೊಡೆದ ಮೇಲೆ ಎದ್ದು ಹೋಗಲಿಲ್ಲ.

ಆನ್‌ಲೈನ್ ಬಿಡಲಾಗದಿದ್ದರೆ, ಚೆಸ್ ಆಡುವ ತಾಣವಾದ ಲಿಚೆಸ್‌ನಲ್ಲಿ ರೇಟಿಂಗನ್ನೇ ಮರೆಮಾಡುವ ಆಯ್ಕೆಯಿದೆ, ರೇಟಿಂಗ್ ಲೆಕ್ಕಕ್ಕೆ ಬಾರದ ಆಟಗಳೂ ಇವೆ. ಮೂರು ನಿಮಿಷದ ಬ್ಲಿಟ್ಜನ್ನು, ಅದರಲ್ಲೂ ಮಲಗುವ ಮುನ್ನ, ಕೆಲಕಾಲ ದೂರವಿಡಿ. ಅದರ ಬದಲು ಗೊತ್ತಿರುವ ಒಬ್ಬರೊಂದಿಗೆ ದಿನಕ್ಕೊಂದು ನಡೆಯ ಆಟ ಶುರುಮಾಡಿ. ನಿಮಗೆ ಬೇಸರ ತಂದದ್ದು ಬ್ಲಿಟ್ಜೋ, ಓಪನಿಂಗ್ ಉರು ಹೊಡೆಯುವುದೋ, ಸೋಲೋ ಎಂದು ಪ್ರಶ್ನೆಗೆ ಸೇರಿಸಿ ಬರೆದರೆ ಇನ್ನಷ್ಟು ಖಚಿತವಾಗಿ ಹೇಳಬಲ್ಲೆ.