ಸಂಪಾದಕರ ಉತ್ತರ: ಕರಿಯನಿಗೆ ಇಂಜೆಕ್ಷನ್ ಕೊಡಿಸಲಾ?

ಶಿರಸಿ ಕಡೆಯ ಓದುಗರೊಬ್ಬರ ಪತ್ರ ಇದು. 13 ವರ್ಷದ ನಾಟಿ ನಾಯಿ ಕರಿಯನ ಎರಡೂ ಕಿಡ್ನಿ ಸೋತಿವೆ. ದಿನ ಬಿಟ್ಟು ದಿನ ಡ್ರಿಪ್. ಡಾಕ್ಟರು 'ಇನ್ನು ಇಂಜೆಕ್ಷನ್ ಕೊಟ್ಟುಬಿಡೋಣ' ಅಂದಿದ್ದಾರೆ. ಅತ್ತೆ 'ಅನ್ನ ಹಾಕಿದ ಕೈಯಲ್ಲೇ ಕೊಲ್ತೀಯಾ' ಅಂತಾರೆ. ಪಕ್ಕದ ಮನೆಯವರು 'ನಾಯಿಗೆ ಇಷ್ಟು ಅಳೋದಾ' ಅಂತ ನಗ್ತಾರೆ. ಏನು ಮಾಡಲಿ?

ನಿಮ್ಮ ಪತ್ರದ ಒಂದು ಸಾಲನ್ನು ಮತ್ತೆ ಮತ್ತೆ ಓದಿದೆ. ಮೊಸರನ್ನ ಬಾಯಿ ಹತ್ತಿರ ಹಿಡಿದರೆ ಮೂಸಿ, ನಿಮ್ಮ ಮುಖ ನೋಡಿ, ತಲೆ ತಿರುಗಿಸ್ತಾನೆ ಅಂದಿದ್ದೀರಿ. ಅದು ಹಠ ಅಲ್ಲ. ಕಿಡ್ನಿ ಸೋತರೆ ರಕ್ತದಲ್ಲಿ ಕಸ ಉಳಿಯುತ್ತದೆ. ವಾಕರಿಕೆ ಬರುತ್ತದೆ, ಬಾಯಲ್ಲಿ ಹುಣ್ಣಾಗುತ್ತದೆ. ಡ್ರಿಪ್ ಆ ಕಸವನ್ನು ಸ್ವಲ್ಪ ತೊಳೆಯುತ್ತದೆ, ಅಷ್ಟೇ. ಹೋದ ಕಿಡ್ನಿ ಮರಳಿ ಬರುವುದಿಲ್ಲ. ಮೊದಲೇ ಗೊತ್ತಾಗಲಿಲ್ಲ ಅಂತ ಕೊರಗಬೇಡಿ. ಸಾಮಾನ್ಯವಾಗಿ ಕಿಡ್ನಿಯ ಮುಕ್ಕಾಲು ಪಾಲು ಕೆಲಸ ನಿಂತ ಮೇಲೇ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ (ಕಿಡ್ನಿ ಹೊರಹಾಕಬೇಕಾದ ಒಂದು ಕಸ) ಏರಿದ್ದು ಕಾಣುತ್ತದೆ.

ನಮ್ಮ ನಾಯಿ ರಾಣಿಗೆ ಮಲಗುವ ಮುಂಚೆ ಗೋಣಿಚೀಲದ ಮೇಲೆ ಮೂರು ಸುತ್ತು ಹಾಕುವ ಅಭ್ಯಾಸ. ಕೊನೆಕೊನೆಗೆ ಅರ್ಧ ಸುತ್ತಿಗೇ ಹಿಂಗಾಲು ಜಾರಿ ಧೊಪ್ಪನೆ ಬೀಳುತ್ತಿದ್ದಳು. ಡಾಕ್ಟರು ಆಗಲೇ ಹೇಳಿದ್ದರು. ನಾನು 'ಭಾನುವಾರ ತಂಗಿ ಬರ್ತಾಳೆ, ಒಮ್ಮೆ ನೋಡಲಿ' ಅಂದೆ. ತಂಗಿ ಬಂದು ಹೋದಳು. ಇನ್ನೊಂದು ನೆಪ ಸಿಕ್ಕಿತು. ಹೀಗೇ ಹತ್ತು ದಿನ. ಆ ದಿನಗಳನ್ನು ನನಗೋಸ್ಕರ ಇಟ್ಟುಕೊಂಡೆ, ನೋವನ್ನು ಅವಳಿಗೆ ಬಿಟ್ಟೆ.

ಹಾಗಾಗಿ ಅತ್ತೆಯವರಿಗೆ ನನ್ನ ಮಾತು ಇಷ್ಟು: ಕರಿಯನನ್ನು ಕೊಲ್ಲುತ್ತಿರುವುದು ಕಾಯಿಲೆ. ನಿಮ್ಮ ಕೈಲಿರುವುದು ದಿನ ಗೊತ್ತು ಮಾಡುವುದು ಮಾತ್ರ. ವಾರ ತಡವಾಗುವುದಕ್ಕಿಂತ ಒಂದು ದಿನ ಮುಂಚೆಯೇ ವಾಸಿ.

ಆದರೆ ಡಾಕ್ಟರನ್ನು ಮನೆಗೇ ಕರೆಸಿ. ನೀವು ಹೊರಗೆ ಹೋಗಿ ನಿಲ್ಲಬೇಡಿ. ಸಾಮಾನ್ಯವಾಗಿ ಮೊದಲು ಮಂಪರು ಬರಿಸುತ್ತಾರೆ. ಆಮೇಲೆ ಅರಿವಳಿಕೆ ಮದ್ದನ್ನೇ ಜಾಸ್ತಿ ಪ್ರಮಾಣದಲ್ಲಿ ರಕ್ತನಾಳಕ್ಕೆ ಕೊಡುತ್ತಾರೆ. ಕೆಲವೇ ನಿಮಿಷದಲ್ಲಿ ಉಸಿರು, ಹೃದಯ ನಿಲ್ಲುತ್ತವೆ. ಕಣ್ಣು ತೆರೆದೇ ಇರುತ್ತದೆ, ಒಮ್ಮೊಮ್ಮೆ ಮೈ ಅದುರುತ್ತದೆ, ಉಚ್ಚೆ ಹೋಗುತ್ತದೆ. ಇದನ್ನು ನನಗೆ ಯಾರೂ ಮೊದಲೇ ಹೇಳಿರಲಿಲ್ಲ, ಗಾಬರಿಯಾಗಿದ್ದೆ. ಹೂಳುವಾಗ ಆಳವಾಗಿ ಹೂಳಿ. ಬೇರೆ ಪ್ರಾಣಿ ಅಗೆದು ತಿಂದರೆ ಆ ಮದ್ದು ಅದಕ್ಕೂ ವಿಷ. ನಿಮ್ಮ ಮಗಳಿಗೆ 'ನಿದ್ದೆ ಮಾಡ್ತಿದ್ದಾನೆ' ಅನ್ನಬೇಡಿ, ಸತ್ತ ಅಂತಲೇ ಹೇಳಿ. ಇಲ್ಲದಿದ್ದರೆ ಅವಳು ರಾತ್ರಿ ಮಲಗಲು ಹೆದರಿಯಾಳು.

ನಗುವ ಪಕ್ಕದ ಮನೆಯವರನ್ನು ಒಮ್ಮೆ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಕರೆದುಕೊಂಡು ಹೋಗಿ. ಮಂಡ್ಯ ಜಿಲ್ಲೆಯ ಆತಕೂರಿನ ಕಲ್ಲು ಅಲ್ಲಿದೆ, ಸುಮಾರು ಕ್ರಿ.ಶ. 950ರದ್ದು. ಕಾಳಿ ಎಂಬ ಬೇಟೆನಾಯಿ ಕಾಡುಹಂದಿಯ ಜೊತೆ ಕಾದಾಡಿ ಸತ್ತಾಗ ಅದರ ಒಡೆಯ ಮಣಲೇರ ಅದಕ್ಕಾಗಿ ನಿಲ್ಲಿಸಿದ ಕಲ್ಲು. ಭೂಮಿಯನ್ನೂ ದತ್ತಿ ಬಿಟ್ಟಿದ್ದ. ಸಾವಿರ ವರ್ಷದ ಹಿಂದೆಯೇ ನಾಯಿಗೆ ಅತ್ತವರಿದ್ದರು, ಅಲ್ವಾ?

ಕರಿಯ ಈಗಲೂ ನಿಮ್ಮನ್ನು ಕಂಡರೆ ಬಾಲ ಆಡಿಸ್ತಾನೆ, ಅದಕ್ಕೇ ಮನಸ್ಸು ಬರ್ತಿಲ್ಲ ಅಂತ ಬರೆದಿದ್ದೀರಿ. ರಾಣಿ ಕೊನೆಯ ದಿನ ಬೆಳಿಗ್ಗೆಯೂ ಆಡಿಸಿದ್ದಳು.