ಕರೆಂಟ್ ಶುರುವಾಗುವ ಮುಂಚೆ ಕೇಳಬೇಕಾದ ಮಾತು

ಬೀದರ್ ಜಿಲ್ಲೆಯ ಹಳ್ಳಿಯೊಂದರ 28ರ ಹೆಣ್ಣುಮಗಳು. ಮದುವೆಯಾಗಿ ಎರಡು ವರ್ಷ, ಮಕ್ಕಳಿಲ್ಲ. (ಗುರುತು ಸಿಗದಂತೆ ವಿವರ ಬದಲಿಸಿದೆ.) ಎಂಟು ತಿಂಗಳು ರಕ್ತ ಹೋದದ್ದನ್ನು ಮೂಲವ್ಯಾಧಿ ಅಂದುಕೊಂಡು ಮುಲಾಮಿನಲ್ಲೇ ಕಳೆದಿದ್ದಳು. ಬಯಾಪ್ಸಿಯಲ್ಲಿ ಗುದನಾಳದ ಕ್ಯಾನ್ಸರ್ ಎಂದು ಬಂತು. ಮೊದಲು 28 ದಿನ ರೇಡಿಯೇಷನ್, ಒಟ್ಟು 50.4 ಗ್ರೇ (ರೇಡಿಯೇಷನ್ ಅಳತೆ), ಜೊತೆಗೆ ಕೀಮೋ ಮಾತ್ರೆ, ಆಮೇಲೆ ಆಪರೇಷನ್. ನಮ್ಮ ಕಡೆ ರೇಡಿಯೇಷನ್‌ಗೆ 'ಕರೆಂಟ್' ಅಂತಲೇ ಹೆಸರು. ಅದು ಶುರುವಾಗಲು 19 ದಿನ ಉಳಿದಿತ್ತು. ಮುಂದೆ ಮಗು ಬೇಕಿದ್ದರೆ ಅಷ್ಟರೊಳಗೇ ಏರ್ಪಾಡಾಗಬೇಕು.

ಗಂಡ, ಅತ್ತೆ ಇಬ್ಬರೂ ಬಂದಿದ್ದರು. ಮೊದಲು ಕೇಳಿದ್ದು ಅತ್ತೆ: "ಆಪರೇಷನ್‌ದಾಗ ಗರ್ಭಚೀಲ ತೆಗಿತಾರೇನ್ರಿ?"

ಗೆಡ್ಡೆ ಅದಕ್ಕೆ ಅಂಟಿರದಿದ್ದರೆ ತೆಗೆಯುವುದಿಲ್ಲ. ಆಪರೇಷನ್ನಿನ ಕಲೆಗಟ್ಟಿ ಗರ್ಭನಾಳ ಅಂಟಿಕೊಳ್ಳಬಹುದು, ಅಷ್ಟೇ. ಎಲ್ಲರೂ ಹೆದರುವುದು ಕತ್ತರಿಗೆ, ಹೆಚ್ಚು ಕೆಡಿಸುವುದು ಅದಕ್ಕೂ ಮುಂಚಿನ ಕರೆಂಟ್. 30ರ ಆಸುಪಾಸಿನಲ್ಲಿ ಸುಮಾರು 14 ಗ್ರೇ ಬಿದ್ದರೆ ಅಂಡಾಶಯ ಕಾಯಂ ನಿಂತುಹೋಗುತ್ತದೆ. ಗರ್ಭಚೀಲಕ್ಕೂ ಅದೇ ಬಿಸಿ: ಗೋಡೆ ಬಿರುಸಾಗುತ್ತದೆ, ರಕ್ತ ಹರಿಯುವುದು ಕಮ್ಮಿಯಾಗುತ್ತದೆ, ಗರ್ಭ ನಿಂತರೂ ತಿಂಗಳು ತುಂಬುವುದು ಕಷ್ಟ. 'ಅಂಡಾಣು ತೆಗೆದು ಫ್ರೀಜ್ ಮಾಡಿ ಎತ್ತಿಟ್ಟರೆ ಆಯ್ತು' ಎಂದಷ್ಟೇ ಹೇಳಿ ಕಳಿಸುವುದು ಅರ್ಧ ಸತ್ಯ. ಬೇರೆಯವರ ಗರ್ಭದಲ್ಲಿ ಬೆಳೆಸಬೇಕಾಗಬಹುದು ಎಂಬುದನ್ನೂ ಅದೇ ದಿನ ಹೇಳಿದೆವು. 2021ರ ಕಾಯ್ದೆ ಪ್ರಕಾರ ಬಾಡಿಗೆ ತಾಯಿಗೆ ದುಡ್ಡು ಕೊಡುವಂತಿಲ್ಲ. ವಿಮೆ, ಆಸ್ಪತ್ರೆ ಖರ್ಚು ಮಾತ್ರ.

19 ದಿನ ಸಾಕು, ಆದರೆ ಒಂದು ದಿನವೂ ಪೋಲಾಗಬಾರದು. ಮುಟ್ಟಿಗೆ ಕಾಯಬೇಕಿಲ್ಲ, ಯಾವ ದಿನದಿಂದಲಾದರೂ ಅಂಡಾಣು ಬೆಳೆಸುವ ಇಂಜೆಕ್ಷನ್ ಶುರು ಮಾಡಬಹುದು. ಹತ್ತು ಹನ್ನೆರಡು ದಿನ ಹೊಟ್ಟೆಯ ಚರ್ಮಕ್ಕೆ ಚುಚ್ಚಿಕೊಳ್ಳಬೇಕು, ಎರಡು ಮೂರು ದಿನಕ್ಕೊಮ್ಮೆ ಸ್ಕ್ಯಾನ್. ಇವರು ಹೈದರಾಬಾದಿನ ಸೆಂಟರ್ ಆರಿಸಿಕೊಂಡರು. ಬೀದರ್‌ನಿಂದ ದಿನಾ ಓಡಾಡುವುದು ಬೇಡ, ಅಲ್ಲೇ ರೂಮು ಹಿಡಿಯಿರಿ, ಫ್ರಿಜ್ಜಿನಲ್ಲಿಡುವ ಔಷಧವಾದರೆ ಐಸ್ ಪ್ಯಾಕಿನ ಡಬ್ಬಿಯಲ್ಲೇ ಒಯ್ಯಿರಿ ಎಂದು ಹೇಳಿದೆವು. ಗೆಡ್ಡೆ ಎಲ್ಲಿದೆ ಎಂಬ ಎಂಆರ್‌ಐ ವರದಿಯನ್ನು ಅಲ್ಲಿನ ಡಾಕ್ಟರಿಗೆ ಮೊದಲೇ ಕೊಡಬೇಕು, ಏಕೆಂದರೆ ಅಂಡಾಣು ತೆಗೆಯುವ ಸೂಜಿ ಹೋಗುವುದು ಯೋನಿಯ ಮೂಲಕ, ಗುದನಾಳ ಅದರ ಬೆನ್ನಿಗೇ ಇದೆ.

ಅಂಡಾಶಯವನ್ನು ದೂರ್ಬೀನಿನಿಂದ (ಲ್ಯಾಪರೋಸ್ಕೋಪಿ) ಕರೆಂಟ್ ಬೀಳುವ ಜಾಗದಿಂದ ಮೇಲಕ್ಕೆ ಸರಿಸಿ ಹೊಲಿಯುವ ದಾರಿಯೂ ಇದೆ. ಅನುಕ್ರಮ ತಪ್ಪಬಾರದು: ಮೊದಲು ಅಂಡಾಣು ತೆಗೆಯುವುದು, ಆಮೇಲೆ ಸರಿಸುವುದು. ತಿರುವುಮುರುವಾದರೆ ಅಂಡಾಶಯ ಸೂಜಿಗೆ ಎಟುಕದು. ಸರಿಸಿದ ಮೇಲೆ ಕರೆಂಟ್ ತಡಮಾಡಿದರೆ ಅದು ಜಾರಿ ಹಳೆಯ ಜಾಗಕ್ಕೇ ಬರಬಹುದು.

ಎತ್ತಿಡುವುದು ಬರೀ ಅಂಡಾಣುವೋ, ಗಂಡನ ವೀರ್ಯ ಸೇರಿಸಿದ ಭ್ರೂಣವೋ? ಗಂಡನಿಗೆ ಭ್ರೂಣವೇ ಆಗಬೇಕಿತ್ತು. ಭ್ರೂಣವಾದರೆ ಮುಂದೆ ಬಳಸಲು ಇಬ್ಬರ ಸಹಿಯೂ ಬೇಕು, ಬರೀ ಅಂಡಾಣುವಾದರೆ ಆಕೆಯದೊಂದೇ. ಇದನ್ನು ಆಕೆಯೊಬ್ಬಳನ್ನೇ ಕೂಡಿಸಿಕೊಂಡು ವಿವರಿಸಿದೆವು. ಇಂಥ ಮನೆಗಳಲ್ಲಿ ಹದಿನೈದು ನಿಮಿಷವಾದರೂ ಹೆಣ್ಣುಮಗಳ ಜೊತೆ ಪ್ರತ್ಯೇಕ ಮಾತಾಡದಿದ್ದರೆ ಆಪ್ತಸಲಹೆ ಕೊಟ್ಟಂತಲ್ಲ. "ಕರೆಂಟ್ ಆದ ಮ್ಯಾಲ ಗಂಡನ ಕೂಡ ಇರಬಹುದೇನ್ರಿ? ಅತ್ತಿ ಮುಂದ ಹ್ಯಾಂಗ ಕೇಳ್ಲಿ," ಎಂದಳು. ಇರಬಹುದು. ಯೋನಿ ಒಣಗಿ ಕಿರಿದಾಗುವುದುಂಟು. ಅದಕ್ಕೆ ಜೆಲ್, ಹಿಗ್ಗಿಸುವ ಡೈಲೇಟರ್ ಇವೆ. ಚಿಕಿತ್ಸೆ ನಡೆಯುವಾಗ, ಆಮೇಲೂ ಡಾಕ್ಟರು ಹೇಳುವಷ್ಟು ತಿಂಗಳು ಗರ್ಭ ನಿಲ್ಲದಂತೆ ನೋಡಿಕೊಳ್ಳಲೇಬೇಕು. ಮುಟ್ಟು ನಿಂತುಹೋದರೆ ಮೂಳೆ ಸವೆಯದಂತೆ ಹಾರ್ಮೋನು ಮಾತ್ರೆಯ ಬಗ್ಗೆ ಕೇಳಬೇಕು.

ಇನ್ನೊಂದು: ಈ ವಯಸ್ಸಿಗೇ ಕರುಳಿನ ಕ್ಯಾನ್ಸರ್ ಬಂದರೆ ಬಯಾಪ್ಸಿ ತುಣುಕಿನ ಮೇಲೆ ಲಿಂಚ್ ಸಿಂಡ್ರೋಮ್ (ವಂಶದಲ್ಲಿ ಹರಿದುಬರುವ ಕ್ಯಾನ್ಸರ್ ದೋಷ) ತಪಾಸಣೆ ಮಾಡಿಸಬೇಕು. ಅದಿದ್ದರೆ ಪ್ರತಿ ಮಗುವಿಗೂ ದಾಟುವ ಸಾಧ್ಯತೆ ಶೇ. 50.

ಗಂಡಸರದು ಇದರ ಮುಂದೆ ಸುಲಭ: ಕರೆಂಟ್, ಕೀಮೋಗೆ ಮುಂಚೆ ಎರಡು ಮೂರು ಸಲ ವೀರ್ಯ ಕೊಟ್ಟಿಟ್ಟರಾಯಿತು. ಆಪರೇಷನ್ನಿನಲ್ಲಿ ನರಕ್ಕೆ ಪೆಟ್ಟಾಗಿ ವೀರ್ಯ ಹೊರಬರದೆ ಹೋದರೂ ಇಟ್ಟದ್ದು ಇರುತ್ತದೆ. ಇಷ್ಟು ಸುಲಭದ್ದನ್ನೂ ನಾಚಿಕೆಗೆ ಬಿಡುತ್ತಾರೆ.

ಆಕೆಗೆ 11 ಅಂಡಾಣು ಸಿಕ್ಕವು. ಅವೆಲ್ಲ ಮಗುವಾಗವು ಎಂಬುದನ್ನು ಮೊದಲೇ ಹೇಳಿತ್ತು. ಅಂಡಾಶಯ ಸರಿಸಿದ್ದೂ ಆಯಿತು. ಕರೆಂಟ್ ಶುರುವಾದದ್ದು ಎರಡೇ ದಿನ ತಡ. ಅಂಡಾಣು ಇಡಲು ವರ್ಷವರ್ಷ ದುಡ್ಡು ಕಟ್ಟಬೇಕು. ನೆನಪಿಸುವ ಫೋನ್ ಯಾರಿಗೆ ಬರಬೇಕು ಎಂಬ ಜಾಗದಲ್ಲಿ ಗಂಡ ತನ್ನ ನಂಬರ್ ಬರೆದಿದ್ದ. ಆಕೆ ಅದನ್ನು ಹೊಡೆದು ಪಕ್ಕದಲ್ಲಿ ತನ್ನದನ್ನು ಬರೆದಳು.